ಆರು ವರ್ಷ ಬರುತ್ತದೆ ಎಂದಿದ್ದೆ

ಗಾಡಿಯನ್ನು ತಣ್ಣಗಿರುವಾಗ ನೋಡಬೇಕು ಎಂದು ಮೊದಲೇ ಹೇಳಿದ್ದೆ. ಬಿಸಿ ಎಂಜಿನ್ ಹೇಗಿದ್ದರೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿಬಿಡುತ್ತದೆ. ಅದರ ನಿಜವಾದ ಗುಣ ತಿಳಿಯುವುದು ರಾತ್ರಿಯೆಲ್ಲ ನಿಂತ ಮೇಲೆ. ಹಾಗಾಗಿ ಆ ಹುಡುಗಿ ಮತ್ತು ಅವಳ ಅಪ್ಪ ಹಿಂದಿನ ಸಂಜೆಯೇ ಟಿ. ನರಸೀಪುರದಿಂದ ಗಾಡಿ ತಂದು ನಂಜನಗೂಡಿನ ನನ್ನ ಮೆಕ್ಯಾನಿಕ್ ಶೆಡ್ಡಿನಲ್ಲಿ ಬಿಟ್ಟು, ಬಸ್ಸಿನಲ್ಲಿ ಊರಿಗೆ ಹೋಗಿ, ಬೆಳಿಗ್ಗೆ ಮತ್ತೆ ಬಂದಿದ್ದರು. ಹಳೆಯ ಗಾಡಿ ಕೊಳ್ಳಲು ಇಷ್ಟು ಶ್ರಮಪಡುವವರನ್ನು ನಾನು ಹೆಚ್ಚು ನೋಡಿಲ್ಲ.

ಅವಳ ಊರು ನರಸೀಪುರಕ್ಕೆ ಐದಾರು ಕಿಲೋಮೀಟರ್ ಈಚೆ. ನಂಜನಗೂಡಿನ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಕೆಲಸ. ಬೆಳಗಿನ ಶಿಫ್ಟ್ ಆರು ಗಂಟೆಗೆ ಶುರು. ಆ ಕಡೆಯಿಂದ ಬರುವವರು ಕಡಿಮೆಯಾದರೆಂದು ಕಾರ್ಖಾನೆಯ ವ್ಯಾನು ನಿಂತುಹೋಗಿತ್ತು, ಮೊದಲ ಬಸ್ಸು ಹಿಡಿದರೆ ಗೇಟು ತಲುಪುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಸ್ಕೂಟರ್ ಬೇಡ, ಆ ರಸ್ತೆಗೆ ದೊಡ್ಡ ಚಕ್ರವೇ ಬೇಕು ಎಂದು ತೀರ್ಮಾನಿಸಿದ್ದವಳು ಅವಳೇ. ಚಿಕ್ಕಪ್ಪನ ಬೈಕಿನಲ್ಲಿ ಗೇರು ಹಾಕುವುದನ್ನು ಕಲಿತಿದ್ದಳು. ಆಯ್ದುಕೊಂಡದ್ದು ಒಂಬತ್ತು ವರ್ಷ ಹಳೆಯ ನೂರು ಸಿಸಿ ಗಾಡಿ.

ಗಾಡಿಯನ್ನು ನೋಡಿ ಮುಗಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದೆ, ಎಣ್ಣೆಯ ಹನಿ ಬೀಳಲಿಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಆಡಿಸಿದೆ, ಅದು ತಿರುಗುವ ಕೋನ್ ಸೆಟ್ ಬಿಗಿಯಾಗಿತ್ತು. ಹಿಂದಿನ ಫೋರ್ಕನ್ನು ಅಕ್ಕಪಕ್ಕಕ್ಕೆ ತಳ್ಳಿ ನೋಡಿದೆ, ಬುಷ್ ಸವೆದಿರಲಿಲ್ಲ. ಮೀಟರಿನಲ್ಲಿ ಮೂವತ್ತೆಂಟು ಸಾವಿರ ಕಿಲೋಮೀಟರ್ ಇತ್ತು. ಮೀಟರನ್ನು ನಾನು ನಂಬುವುದಿಲ್ಲ, ಬ್ರೇಕ್ ಪೆಡಲಿನ ರಬ್ಬರನ್ನೂ ಕೀಲಿ ಹಾಕುವ ತೂತಿನ ಅಂಚನ್ನೂ ನೋಡುತ್ತೇನೆ. ಅವೂ ಮೀಟರಿನ ಮಾತನ್ನೇ ಹೇಳುತ್ತಿದ್ದವು.

ಎರಡು ಸಂಗತಿ ಕಣ್ಣಿಗೆ ಬಿದ್ದವು. ಎಂಜಿನ್ನಿನ ಬೋಲ್ಟ್‌ಗಳ ಮೇಲೆ ಸ್ಪ್ಯಾನರಿನ ಹೊಸ ಗುರುತಿತ್ತು. ಎಂಜಿನ್ ಹೊತ್ತ ಚಾಸಿಯ ಕೊಳವೆಗಳಿಗೆ ಹೊಸ ಕಪ್ಪು ಬಣ್ಣ ಬಳಿದಿದ್ದರು. ಬೇರೆ ಯಾರ ಅಂಗಡಿಯ ಗಾಡಿಯಾಗಿದ್ದರೂ ಯಾಕೆ ಬಿಚ್ಚಿದ್ದರು, ಯಾಕೆ ಬಳಿದರು ಎಂದು ಕೇಳುತ್ತಿದ್ದೆ. ಆದರೆ ಗಾಡಿ ಬಂದದ್ದು ನನಗೆ ಕೆಲಸ ಕಲಿಸಿದ ಉಸ್ತಾದರ ಅಂಗಡಿಯಿಂದ. ಅವರು ಈಗ ನರಸೀಪುರದಲ್ಲಿ ಸೆಕೆಂಡ್ ಹ್ಯಾಂಡ್ ಬೈಕುಗಳ ವ್ಯಾಪಾರ ಮಾಡುತ್ತಾರೆ. ಅಚ್ಚುಕಟ್ಟು ಮನುಷ್ಯ, ಎಲ್ಲ ಬಿಚ್ಚಿ ಸರಿ ಮಾಡಿಯೇ ಮಾರುತ್ತಾರೆ ಎಂದುಕೊಂಡು ಸುಮ್ಮನಾದೆ.

"ಎಷ್ಟ್ ವರ್ಸ ಬತ್ತದೆ ಏಳಪ್ಪ," ಎಂದರು ಅವಳ ಅಪ್ಪ.

"ದಿನಕ್ಕೆ ಅರವತ್ತು ಕಿಲೋಮೀಟರ್ ಓಡ್ಬೇಕಣ್ಣ. ಅದ್ನೂ ಸೇರಿಸ್ಕೊಂಡು ಹೇಳಿ," ಎಂದಳು ಮಗಳು.

ಈ ಪ್ರಶ್ನೆಯನ್ನು ವಾರಕ್ಕೆ ಎರಡು ಸಲವಾದರೂ ಯಾರಾದರೂ ಕೇಳುತ್ತಾರೆ. ನನ್ನ ಉತ್ತರವೂ ಸಿದ್ಧವಿರುತ್ತದೆ. ತಿಂಗಳಿಗೆ ಸಾವಿರದ ಐನೂರು ಕಿಲೋಮೀಟರ್, ವರ್ಷಕ್ಕೆ ಹದಿನೆಂಟು ಸಾವಿರ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಇಂಥ ಎಂಜಿನ್ ಲಕ್ಷದ ಹತ್ತಿರ ಹೋಗುವವರೆಗೂ ಸವೆದ ಸಿಲಿಂಡರ್ ಕೊರೆಸುವ ಬೋರ್ ಕೆಲಸ ಕೇಳುವುದಿಲ್ಲ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಮತ್ತೆ ಅರ್ಧ ಆಯಸ್ಸು. ನೋಂದಣಿ ಹದಿನೈದು ವರ್ಷಕ್ಕೆ ಇರುತ್ತದೆ, ಅದರಲ್ಲಿ ಆರು ಉಳಿದಿತ್ತು.

"ಆರು ವರ್ಷ ಧೈರ್ಯವಾಗಿ ಓಡ್ಸು ತಂಗಿ," ಎಂದೆ. "ವರ್ಷಕ್ಕೊಂದ್ಸಲ ಚೈನ್ ಸೆಟ್ ನೋಡಿಸ್ಬೇಕು. ಮಧ್ಯೆ ಒಂದು ಬೋರ್ ಕೆಲಸ ಬರಬಹುದು. ಆಮೇಲೂ ಗಾಡಿ ಚೆನ್ನಾಗಿದ್ರೆ ನೋಂದಣಿ ಮುಂದಕ್ಕೆ ಹಾಕಿಸ್ಕೋಬಹುದು."

ಅವಳು ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಅಪ್ಪ ಗಾಡಿಯ ಸೀಟಿನ ಮೇಲೆ ಒಂದು ಸಲ ಕೈ ಆಡಿಸಿ ಹೇಳಿದರು, "ನಿನ್ ಮಾತಿನ್ ಮ್ಯಾಲೆ ತಕ್ಕತಾ ಇವ್ನಿ ಕಣಪ್ಪ."

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಶಿಫ್ಟ್ ಮುಗಿಸಿ ಅವಳು ಶೆಡ್ಡಿಗೆ ಬಂದಳು. ಹಿಂದಿನ ಸೀಟಿನಲ್ಲಿ ಅವಳ ಜೊತೆ ಕೆಲಸ ಮಾಡುವ ನಲವತ್ತು ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ದಾರಿಯಲ್ಲಿ ಸಿಗುವ ಒಂದು ಹಳ್ಳಿಯಲ್ಲಿ ಅವರ ಮನೆಯಂತೆ, ದಿನವೂ ಇವಳ ಜೊತೆಯೇ ಬಂದು ಹೋಗುತ್ತಿದ್ದರು. ಎಡಗಡೆಯ ಇಂಡಿಕೇಟರ್ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ ಎಂಬುದು ದೂರು. ಐದು ನಿಮಿಷದ ಕೆಲಸ. ಈ ಗಾಡಿಯಲ್ಲಿ ವೈರುಗಳ ಜೋಡಣೆಯೆಲ್ಲ ಹೆಡ್‌ಲೈಟಿನ ಬುಟ್ಟಿಯಂಥ ಡೂಮಿನೊಳಗೆ ಇರುತ್ತದೆ. ಎರಡು ಸ್ಕ್ರೂ ಬಿಚ್ಚಿ ಗಾಜು ಹೊರಗೆಳೆದೆ.

ಡೂಮಿನ ತಳದಲ್ಲಿ ಮಣ್ಣು ಕೂತಿತ್ತು. ರಸ್ತೆಯ ಧೂಳಲ್ಲ. ಬೂದುಬಣ್ಣದ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಮಣ್ಣು, ಪದರ ಪದರವಾಗಿ ಒಣಗಿ ಬಿರುಕು ಬಿಟ್ಟಿತ್ತು.

ಆ ಮಣ್ಣನ್ನು ನಾನು ಬಲ್ಲೆ. ಕಪಿಲಾ ಹೊಳೆ ಉಕ್ಕಿ ಊರೊಳಗೆ ಬಂದ ಮಳೆಗಾಲಗಳಲ್ಲಿ, ನೀರು ಇಳಿದ ಮೇಲೆ ನನ್ನ ಶೆಡ್ಡಿನ ಮುಂದೆ ಗಾಡಿಗಳ ಸಾಲು ನಿಂತಿರುತ್ತಿತ್ತು. ಆಯಿಲ್ ನಟ್ಟು ಬಿಚ್ಚಿದರೆ ಹಾಲು ಹೆಚ್ಚಾದ ಟೀಯಂಥ ದ್ರವ ಇಳಿಯುತ್ತಿತ್ತು. ಎಂಜಿನ್ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು ಕಟ್ಟಿದರೆ ಮತ್ತೆ ಓಡುತ್ತದೆ. ಕಷ್ಟ ಇರುವುದು ಚಾಸಿಯಲ್ಲಿ. ಹೆಡ್‌ಲೈಟಿನೊಳಗೆ ಮಣ್ಣು ಕೂರಬೇಕಾದರೆ ನೀರು ಹ್ಯಾಂಡಲಿನ ಮಟ್ಟಕ್ಕೆ ಏರಿರಬೇಕು. ಅಷ್ಟು ಏರಿದ್ದರೆ ಚಾಸಿಯ ಕೊಳವೆಗಳೊಳಗೂ ತುಂಬಿರಬೇಕು. ನೀರು ಹೇಗೋ ಇಳಿದುಹೋಗುತ್ತದೆ, ಮಣ್ಣು ಒಳಗೇ ಉಳಿದು ತೇವ ಹಿಡಿದುಕೊಳ್ಳುತ್ತದೆ. ಹೊರಗೆ ಕಪ್ಪಗೆ ಹೊಳೆಯುತ್ತಿರುವ ಕೊಳವೆ ಒಳಗಿನಿಂದ ತುಕ್ಕು ತಿಂದು ತೆಳ್ಳಗಾಗುತ್ತ ಬರುತ್ತದೆ.

ಸ್ಪ್ಯಾನರ್ ಗುರುತು ಯಾಕಿತ್ತು, ಹೊಸ ಬಣ್ಣ ಯಾಕಿತ್ತು ಎಂಬುದೆಲ್ಲ ಆಗ ತಿಳಿಯಿತು.

"ಏನಾಗಿತ್ತಣ್ಣ?"

"ಸ್ವಲ್ಪ ಮಣ್ಣು ಕೂತಿತ್ತು," ಎಂದೆ.

ಸುಳ್ಳಲ್ಲ, ನಿಜವೂ ಅಲ್ಲ. ಶೆಡ್ಡಿನಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. ಆ ಹೆಂಗಸು ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು ಎಂದು ಅವಸರಪಡುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಆರು ವರ್ಷ ಎಂದು ಹೇಳಿದ ಬಾಯಲ್ಲಿ ಬೇರೆ ಮಾತು ಹೊರಡಲಿಲ್ಲ. ವೈರಿನ ತುದಿ ಕೆರೆದು ಜೋಡಿಸಿ, ಮಣ್ಣು ಒರೆಸಿ, ಗಾಜು ಮುಚ್ಚಿ ಕಳಿಸಿದೆ. ಗಾಡಿಯ ಸದ್ದು ತಿರುವಿನಾಚೆ ಅಡಗುವವರೆಗೂ ನಿಂತಲ್ಲೇ ನಿಂತಿದ್ದೆ.

ಮರುದಿನ ಬೆಳಿಗ್ಗೆ ಐದೂಕಾಲಿಗೇ ನರಸೀಪುರ ರಸ್ತೆಯ ಟೀ ಅಂಗಡಿಯ ಮುಂದಿದ್ದೆ. ತಾಂಡ್ಯಕ್ಕೆ ಹೋಗಲು ಅವಳು ಅಲ್ಲಿಂದಲೇ ಹಾದುಹೋಗಬೇಕು. ಬಂದರೆ ನಿಲ್ಲಿಸಿ ಹೇಳಿಬಿಡುವುದು ಎಂದುಕೊಂಡಿದ್ದೆ. ಬಂದಳು, ಹಿಂದೆ ಆ ಹೆಂಗಸು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದರು. ನಿಲ್ಲಿಸಿದರೆ ಗೇಟು ಮುಚ್ಚುತ್ತದೆ, ಒಂದು ದಿನದ ಹಾಜರಿ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಎತ್ತಲಿಲ್ಲ. ಅವತ್ತು ಇಡೀ ದಿನ ಯಾವ ಗಾಡಿ ಬಿಚ್ಚಿದರೂ ನಟ್ಟುಗಳನ್ನು ಎಲ್ಲಿಟ್ಟೆನೆಂದು ಹುಡುಕುವುದೇ ಆಯಿತು. ಒಬ್ಬರ ಗಾಡಿಗೆ ಆಯಿಲ್ ಹಾಕುವುದನ್ನೇ ಮರೆತಿದ್ದೆ, ಸ್ಟಾರ್ಟ್ ಮಾಡುವ ಮುಂಚೆ ಅವರೇ ನೋಡಿ ಹೇಳಿದರು.

ಎರಡನೇ ದಿನವೂ ನಿಂತು ನೋಡಿದೆ, ಹೋದಳು. ಮೂರನೇ ದಿನ ಅವಳು ಬರಲಿಲ್ಲ.

ಐದೂಮುಕ್ಕಾಲು ಆಯಿತು, ಆರಾಯಿತು. ಫೋನ್ ಮಾಡಿದೆ, ರಿಂಗಾಗಿ ನಿಂತಿತು. ನನ್ನ ಗಾಡಿ ಹತ್ತಿ ನರಸೀಪುರದ ಕಡೆಗೆ ಹೊರಟೆ. ಆ ರಸ್ತೆಯಲ್ಲಿ ಅಷ್ಟು ನಿಧಾನವಾಗಿ ನಾನು ಎಂದೂ ಓಡಿಸಿರಲಿಲ್ಲ. ಎಡಗಡೆಯ ಬೇಲಿ ನೋಡುತ್ತಿದ್ದೆ, ಬಲಗಡೆಯ ಗದ್ದೆ ನೋಡುತ್ತಿದ್ದೆ, ರಸ್ತೆಯ ಹಂಪಿನ ಹತ್ತಿರ ಟಾರಿನ ಮೇಲೆ ಗೀರು ಇದೆಯೇ ಎಂದು ನೋಡುತ್ತಿದ್ದೆ. ಒಂದು ಕಡೆ ನಾಲ್ಕೈದು ಜನ ಕಾಲುವೆಯೊಳಗೆ ಬಗ್ಗಿ ನೋಡುತ್ತ ನಿಂತಿದ್ದರು. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತಾದರೂ ಇಳಿದು ನೋಡುವ ಧೈರ್ಯ ಬರಲಿಲ್ಲ. ಆಮೇಲೆ ಕಂಡಿತು, ಅವರು ಪಂಪಿನ ಪೈಪನ್ನು ನೀರಿನಿಂದ ಎಳೆಯುತ್ತಿದ್ದರು.

ಅವಳ ಮನೆಯ ಮುಂದೆ ಗಾಡಿ ನಿಂತಿತ್ತು, ತೊಳೆದು ಒರೆಸಿ ಇಟ್ಟಿದ್ದರು. ಅವಳು ಜಗಲಿಯ ಮೇಲೆ ಕೂತು ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದಳು.

"ಏನಣ್ಣ, ಇಷ್ಟು ಬೆಳಿಗ್ಗೆ ಈ ಕಡೆ?"

"ಇವತ್ತು ಕೆಲಸಕ್ಕೆ ಹೋಗ್ಲಿಲ್ವಾ?"

"ವಾರದ ರಜ. ಯಾಕೆ?"

ಅವಳ ಅಪ್ಪ ಹಸುವಿನ ಹಾಲು ಕರೆದು ಕ್ಯಾನು ಹಿಡಿದು ಬಂದರು. ಇಬ್ಬರ ಮುಂದೆಯೂ ಹೇಳಿದೆ. ಈ ಗಾಡಿ ಹೊಳೆ ನೀರಿನಲ್ಲಿ ಮುಳುಗಿತ್ತು, ಎಷ್ಟು ದಿನವೋ ತಿಳಿಯದು, ಚಾಸಿ ಒಳಗಿನಿಂದ ಹಾಳಾಗಿರಬಹುದು, ಬಿಚ್ಚಿ ನೋಡುವವರೆಗೆ ಇದನ್ನು ಹತ್ತಬೇಡಿ, ನಾನು ಸರಿಯಾಗಿ ನೋಡಲಿಲ್ಲ, ತಪ್ಪು ನನ್ನದು ಎಂದೆ.

ಅಪ್ಪ ಕ್ಯಾನನ್ನು ಕೆಳಗಿಟ್ಟರು. "ಮುಕ್ಕಾಲ್ ಗಂಟೆ ನೋಡುದ್ಯಲ್ಲಪ್ಪ," ಎಂದರು, ಅಷ್ಟೇ.

ಮಗಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಬದಿಗಿಟ್ಟಳು. "ಮೊನ್ನೆ ಲೈಟ್ ಬಿಚ್ಚಿದಾಗ್ಲೇ ಗೊತ್ತಾಯ್ತಾ ಅಣ್ಣ?"

"ಹೂಂ."

"ಆಮೇಲೆ ಎರಡು ದಿನ ಓಡಿಸಿದ್ದೀನಿ."

"ಹೂಂ."

"ನನ್ ಹಿಂದೆ ಅಕ್ಕ ಕೂತ್ಕೋತಾರೆ. ಅವ್ರಿಗೆ ಇಬ್ರು ಮಕ್ಕಳು."

ನನ್ನ ಗಾಡಿಯ ಕೀಲಿಯನ್ನು ಜಗಲಿಯ ಮೇಲಿಟ್ಟು, ನಾಳೆಯಿಂದ ಇದರಲ್ಲಿ ಹೋಗು ಎಂದೆ. ನರಸೀಪುರದಿಂದ ಒಂದು ಲಗೇಜ್ ಆಟೋ ಕರೆಸಿ, ಆ ಗಾಡಿಯನ್ನು ಹಗ್ಗ ಕಟ್ಟಿ ಏರಿಸಿಕೊಂಡು ಶೆಡ್ಡಿಗೆ ಬಂದೆ. ಓಡಿಸಿಕೊಂಡು ಬರಲು ನನಗೇ ಮನಸ್ಸಾಗಲಿಲ್ಲ.

ಬಿಚ್ಚಲು ಒಂದು ಹಗಲು ಹಿಡಿಯಿತು. ಸೀಟು, ಟ್ಯಾಂಕು, ಎರಡೂ ಚಕ್ರ, ಕೊನೆಗೆ ಎಂಜಿನ್. ಉಳಿದ ಚಾಸಿಯನ್ನು ಹಗ್ಗದಲ್ಲಿ ತೂಗುಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುತ್ತ ಬಂದೆ. ಗಟ್ಟಿ ಕೊಳವೆ ಟಣ್ ಎನ್ನುತ್ತದೆ. ಎಂಜಿನ್ನಿನ ಮುಂದೆ ಕೆಳಗಿಳಿಯುವ ಕೊಳವೆಯಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಸದ್ದು ಮೆತ್ತಗೆ ಬಂತು. ತಳದ ತೂತಿನೊಳಗೆ ಸೈಕಲ್ಲಿನ ಕಡ್ಡಿ ತೂರಿಸಿ ಕೆರೆದೆ. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಮೊದಲು ಬೂದು ಮಣ್ಣು ಸುರಿಯಿತು, ಆಮೇಲೆ ಕೆಂಪು ಚಕ್ಕೆಗಳು. ಚಕ್ಕೆ ಬೀಳುವುದು ನಿಲ್ಲಲೇ ಇಲ್ಲ.

ಪಕ್ಕದ ವೆಲ್ಡಿಂಗ್ ಶಾಪಿನವನು ಬಂದು ನೋಡಿದ. "ಇದೇನ್ ಮಹಾ ಬಿಡಿ ಸಾ. ಮ್ಯಾಲೊಂದು ಪಟ್ಟಿ ಹಾಕಿ ವೆಲ್ಡ್ ಮಾಡ್ತೀನಿ. ಒಂದ್ ಗಂಟೆ ಕೆಲಸ."

ಆಸೆಯಾಯಿತು. ಒಂದು ಗಂಟೆ, ಮೇಲೆ ಕಪ್ಪು ಬಣ್ಣ, ಯಾರಿಗೂ ತಿಳಿಯದು. ಇಂಥ ಪಟ್ಟಿಗಳನ್ನು ನಾನೂ ಹಾಕಿಸಿದವನೇ. ಆದರೆ ಅವು ಹೊರಗಿನಿಂದ ಪೆಟ್ಟು ಬಿದ್ದು ಬಿರುಕು ಬಿಟ್ಟ ಗಟ್ಟಿ ಕೊಳವೆಗಳು. ಒಳಗಿನಿಂದ ತೆಳ್ಳಗಾದ ಕೊಳವೆಗೆ ವೆಲ್ಡ್ ಮಾಡಿದರೆ ಆ ಬಿಸಿಗೇ ಸುಟ್ಟು ತೂತಾಗುತ್ತದೆ, ಇಲ್ಲವೆ ಪಟ್ಟಿ ಉಳಿದು ಅದರ ಅಂಚಿನಲ್ಲಿ ಹೊಸದಾಗಿ ಸೀಳುತ್ತದೆ. ಬೇರೆ ಚಾಸಿ ಹಾಕೋಣವೆಂದರೆ ನಂಬರ್ ಕೊರೆದಿರುವುದೇ ಚಾಸಿಯ ಮೇಲೆ. ಅದನ್ನು ಬದಲಿಸಿದರೆ ಕಾಗದಪತ್ರದ ಲೆಕ್ಕದಲ್ಲಿ ಅದು ಆ ಗಾಡಿಯೇ ಅಲ್ಲ. ಸಂಜೆಯವರೆಗೂ ಅದರ ಮುಂದೆ ಕೂತಿದ್ದೆ. ಇದು ಇನ್ನು ರಸ್ತೆಗೆ ಇಳಿಯಬಾರದು ಎಂಬುದೊಂದೇ ನನಗೆ ಖಚಿತವಾಗಿತ್ತು. ಇನ್ನೂ ಎಷ್ಟು ದಿನ ಬಾಳುತ್ತಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ.

ಮರುದಿನ ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆ. ಉಸ್ತಾದರು ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕಾರ್ಬುರೇಟರ್ ತೊಳೆಯುತ್ತಿದ್ದರು.

"ನೀರಲ್ಲಿ ಮುಳುಗಿತ್ತಾ ಉಸ್ತಾದ್?"

ಅವರು ತಲೆ ಎತ್ತಲಿಲ್ಲ. "ಮುಳುಗಿತ್ತಂತೆ. ಒಂದು ಗೋಡೌನಲ್ಲಿ ಕೊಳೀತಾ ಬಿದ್ದಿತ್ತು. ಎಂಜಿನ್ ಪೂರ್ತಿ ಬಿಚ್ಚಿ ತೊಳ್ದು ಕಟ್ಟಿವ್ನಿ ಕಣ್ಲಾ. ಇನ್ನೇನ್ ಬೇಕು?"

"ಚಾಸಿ ಹೋಗಿದೆ."

"ಅಂಗಾರೆ ವೆಲ್ಡ್ ಮಾಡ್ಸು. ಇಲ್ಲಾಂದ್ರೆ ತಂದು ಇಲ್ಲಿ ಬಿಡು, ಆ ಮಗೀಗೆ ಬೇರೆ ಗಾಡಿ ಕೊಡ್ತೀನಿ. ಇದ್ನ ನಾನು ನೋಡ್ಕತೀನಿ."

ನಾನು ಬಂದದ್ದೇ ಆ ಮಾತಿಗಾಗಿ. ಅವರು ಅಷ್ಟು ಸುಲಭವಾಗಿ ಒಪ್ಪಿದ್ದು ಕೇಳಿ ಮೊದಲು ಎದೆ ಹಗುರವಾಯಿತು. ಆಮೇಲೆ 'ನೋಡ್ಕತೀನಿ' ಎಂದದ್ದು ಮನಸ್ಸಿನಲ್ಲಿ ಕೂತಿತು. ಅಂದರೆ ಪಟ್ಟಿ ಹಾಕಿ, ಬಣ್ಣ ಬಳಿದು, ಇನ್ನೊಬ್ಬರಿಗೆ.

"ಅದನ್ನ ವಾಪಸ್ ಕೊಡಲ್ಲ ಉಸ್ತಾದ್," ಎಂದೆ. "ಅದು ನನ್ನ ಹತ್ರಾನೇ ಇರ್ಲಿ."

"ಯಾಕ್ಲಾ?"

"ಕೊಟ್ರೆ ನೀವು ಮಾರ್ತೀರಿ."

ಅವರ ಕೈಯಲ್ಲಿದ್ದ ಬ್ರಷ್ ನಿಂತಿತು. ಹದಿನಾರನೇ ವಯಸ್ಸಿನಲ್ಲಿ ಈ ಮನುಷ್ಯನ ಕಾಲ ಬಳಿ ಕೂತು ಸ್ಪ್ಯಾನರ್ ಹಿಡಿಯುವುದನ್ನು ಕಲಿತವನು ನಾನು. ಎದುರು ನಿಂತು ಮಾತಾಡಿದ್ದು ಅದೇ ಮೊದಲು. "ನನ್ ಕೈಲೇ ಕಲ್ತು ನಂಗೇ ಏಳ್ತೀಯಾ," ಎಂದರು, ಮೆಲ್ಲಗೆ. ನಾನು ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಅವಳಿಗೆ ಕೊಟ್ಟಿದ್ದ ನನ್ನ ಗಾಡಿಯನ್ನೇ ಆ ಗಾಡಿಯ ಬದಲಿಗೆ ಅವಳ ಹೆಸರಿಗೆ ಮಾಡಿಸಿಕೊಟ್ಟೆ. ಅದರ ಒಂದೊಂದು ನಟ್ಟಿನ ಕಥೆಯೂ ನನಗೆ ಗೊತ್ತಿತ್ತು, ಅದನ್ನೆಲ್ಲ ಬಚ್ಚಿಡದೆ ಹೇಳಿದೆ. ಈ ಸಲ ವರ್ಷ ಎಷ್ಟು ಎಂದು ಅವಳು ಕೇಳಲಿಲ್ಲ. ಕಾಗದಕ್ಕೆ ಸಹಿ ಮಾಡಿ, "ತಿಂಗಳಿಗೊಂದ್ಸಲ ತರ್ತೀನಿ, ಬಿಚ್ಚಿ ನೋಡಿ. ನೋಡಿದ್ದನ್ನ ಅವತ್ತೇ ಹೇಳಿ," ಎಂದಳು. ಅದರಂತೆ ತರುತ್ತಾಳೆ. ಅವಳ ಅಪ್ಪ ಮಾತ್ರ ಮತ್ತೆ ನನ್ನ ಶೆಡ್ಡಿನ ಒಳಗೆ ಬಂದಿಲ್ಲ, ಬಂದರೂ ರಸ್ತೆಯಲ್ಲೇ ನಿಂತಿರುತ್ತಾರೆ.

ಇದಾದ ಹತ್ತನೇ ದಿನವೋ ಏನೋ, ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಾಗ ಉಸ್ತಾದರು ಬಂದು ನಿಂತರು. ಬಸ್ಸಿನಲ್ಲಿ ಬಂದಿದ್ದರು. ಕಾಫಿ ತರಿಸಲೇ ಎಂದರೆ ಬೇಡ ಎಂದರು. ಕನ್ನಡಕ ಏರಿಸಿಕೊಂಡು, ತೂಗುಹಾಕಿದ್ದ ಚಾಸಿಯನ್ನು ನಾನು ಬಡಿದ ಹಾಗೆಯೇ ಬಡಿದರು. ಆ ಮೆತ್ತನೆಯ ಜಾಗಕ್ಕೆ ಬಂದಾಗ ಎರಡು ಸಲ, ಮೂರು ಸಲ ಬಡಿದರು.

"ಹ್ಯಾಕ್ಸಾ ಕೊಡು," ಎಂದರು.

ಬ್ಲೇಡು ಏಳೆಂಟು ಎಳೆತಕ್ಕೇ ಆಚೆ ಹೋಯಿತು. ಕತ್ತರಿಸಿದ ಅಂಚು ಬಿಸ್ಕತ್ತು ಡಬ್ಬಿಯ ತಗಡಿನಷ್ಟು ತೆಳ್ಳಗಿತ್ತು. ಕೊಳವೆ ತುಂಡಾದ ಕೂಡಲೇ ಚಾಸಿಯ ಕುತ್ತಿಗೆ, ಅಂದರೆ ಹ್ಯಾಂಡಲ್ ಕೂರುವ ಭಾಗ, ಬೆರಳಗಲ ಕೆಳಗೆ ಜಗ್ಗಿತು. ಅದು ಜಗ್ಗಬಾರದು. ಮೇಲಿನ ಕೊಳವೆ ಅದನ್ನು ಹಿಡಿದಿರಬೇಕು. ಟ್ಯಾಂಕಿನ ಅಡಿ ಬರುವ ಆ ಮೇಲಿನ ಬೆಸುಗೆಯ ಬಣ್ಣವನ್ನು ಉಸ್ತಾದರು ಬ್ಲೇಡಿನ ತುದಿಯಿಂದ ಕೆರೆದರು. ಬಿರುಕು ಒಂದು ಕಡೆಯಿಂದ ಶುರುವಾಗಿ ಕೊಳವೆಯ ಅರ್ಧ ಸುತ್ತು ಹೋಗಿತ್ತು.

"ಇದು ನಿಂಗೆ ಕಂಡಿತ್ತಾ?" ಎಂದು ಕೇಳಿದರು.

"ಇಲ್ಲ." ಅಲ್ಲಿ ನಾನು ಬಡಿದಿದ್ದೆ. ಸದ್ದು ಗಟ್ಟಿಯಾಗಿಯೇ ಬಂದಿತ್ತು. ಕೆಳಗಿನ ಕೊಳವೆಗೆ ವೆಲ್ಡ್ ಮಾಡಿಸಿ ಕೊಟ್ಟಿದ್ದರೂ ಅವಳು ಈ ಕುತ್ತಿಗೆಯನ್ನೇ ನಂಬಿಕೊಂಡು ದಿನಕ್ಕೆ ಅರವತ್ತು ಕಿಲೋಮೀಟರ್ ಓಡುತ್ತಿದ್ದಳು.

ಉಸ್ತಾದರು ಹ್ಯಾಕ್ಸಾವನ್ನು ಬೆಂಚಿನ ಮೇಲಿಟ್ಟು, ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಆ ಗೋಡೌನಿಂದ ಮೂರು ತಂದಿದ್ದೆ ಕಣ್ಲಾ," ಎಂದರು. "ಒಂದು ಇದು. ಒಂದು ಅಂಗ್ಡೀಲಿ ನಿಂತದೆ, ಕೊಡಾಕಿಲ್ಲ. ಇನ್ನೊಂದು ಕಳ್ದ್ ವಾರ ಮಾರ್ಬುಟ್ಟೆ."

"ಯಾರಿಗೆ?"

"ಮೂಗೂರ್ ಕಡೆಯೋನಿಗೆ. ಫೋನ್ ಮಾಡ್ತಾ ಇವ್ನಿ, ಎತ್ತಾ ಇಲ್ಲ."

ನಾನು ಶಟರ್ ಎಳೆದೆ. ವೆಲ್ಡಿಂಗ್ ಶಾಪಿನವನ ಗಾಡಿ ಕೇಳಿ ತೆಗೆದುಕೊಂಡೆ, ಉಸ್ತಾದರು ಹಿಂದೆ ಕೂತರು. ನರಸೀಪುರ ದಾಟಿ ಮೂಗೂರಿನ ದಾರಿ ಹಿಡಿದೆವು. ಎದುರಿಗೆ ಬಂದ ಬೈಕುಗಳ ನಂಬರನ್ನೆಲ್ಲ ಅವರು ನನ್ನ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದರು. ಊರೊಳಗೆ ಇಬ್ಬರನ್ನು ಕೇಳಿ, ಅವರು ತೋರಿಸಿದ ಗದ್ದೆಯ ದಾರಿ ಹಿಡಿದಾಗ ಆ ಮನುಷ್ಯ ಎದುರಿಗೇ ಬರುತ್ತಿದ್ದ. ಹಿಂದೆ ಹಸಿ ಹುಲ್ಲಿನ ದೊಡ್ಡ ಹೊರೆ, ಮುಂದೆ ಟ್ಯಾಂಕಿನ ಮೇಲೆ ನಾಲ್ಕು ವರ್ಷದ ಮಗಳು.

ಗುರುತು ಹಿಡಿದು ನಗುತ್ತ ನಿಲ್ಲಿಸಿದ. "ಏನ್ ಸಾ, ಇಲ್ಲೀಗಂಟ ಬಂದ್ಬುಟ್ರಿ? ಗಾಡಿ ಬಾಳ ಚೆನ್ನಾಗದೆ ಕಣ್ರೀ."

ನಾನು ಬಾಯಿ ತೆರೆಯುವಷ್ಟರಲ್ಲಿ ಉಸ್ತಾದರು ಇಳಿದು ಅವನ ಮುಂದೆ ಹೋಗಿ, ಎರಡೂ ಕೈಯಿಂದ ಆ ಗಾಡಿಯ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮೊದ್ಲು ಮಗೀನ ಇಳ್ಸಪ್ಪ," ಎಂದರು. "ಆಮೇಲ್ ಏಳ್ತೀನಿ."